ಮೊದಲು ಫ್ಯಾಕ್ಟರ್, ಆಮೇಲೆ ರೆಫರ್ ಚೀಟಿ

ಗೆ,
ಮಾನ್ಯ ಜಿಲ್ಲಾಧಿಕಾರಿಗಳು,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಮಾನ್ಯ ಜಿಲ್ಲಾ ಶಸ್ತ್ರಚಿಕಿತ್ಸಕರು,
ಚಿಕ್ಕಮಗಳೂರು ಜಿಲ್ಲೆ.

ವಿಷಯ: ಹಿಮೋಫಿಲಿಯಾ ಇರುವ ಮಕ್ಕಳಿಗೆ ತಾಲ್ಲೂಕು ಆಸ್ಪತ್ರೆಗಳಲ್ಲೇ ಫ್ಯಾಕ್ಟರ್ (ರಕ್ತ ಹೆಪ್ಪುಗಟ್ಟಿಸುವ ಪ್ರೋಟೀನ್) ಔಷಧಿ ಸಿಗುವಂತೆ ಮಾಡುವ ಬಗ್ಗೆ.

ಮಾನ್ಯರೇ,

ಈ ಪತ್ರ ಬರೆಯುತ್ತಿರುವವರಲ್ಲಿ ಹಿಮೋಫಿಲಿಯಾ ಇರುವ ಮಕ್ಕಳ ಪೋಷಕರಿದ್ದೇವೆ, ಆ ಮಕ್ಕಳ ಸಣ್ಣ ನರಕ್ಕೆ ಸೂಜಿ ಹಾಕಿ ಪಳಗಿದ ಶುಶ್ರೂಷಾಧಿಕಾರಿಗಳಿದ್ದೇವೆ, ಔಷಧಿ ದಾಸ್ತಾನಿನ ಲೆಕ್ಕ ಬಲ್ಲವರೂ ಇದ್ದೇವೆ. ಯಾವ ಆಸ್ಪತ್ರೆಯ ಹೆಸರನ್ನೂ, ಯಾರ ಹೆಸರನ್ನೂ ಇಲ್ಲಿ ಬೇಕೆಂದೇ ಹಾಕಿಲ್ಲ. ಡ್ಯೂಟಿಯಲ್ಲಿದ್ದ ವೈದ್ಯರು ಒಳ್ಳೆಯವರಾಗಿದ್ದೂ ಕೆಲಸ ಕೆಟ್ಟದ್ದನ್ನು ನಾವು ನೋಡಿದ್ದೇವೆ. ಹಾಗಾಗಿ ಇದು ಒಬ್ಬರ ಮೇಲಿನ ದೂರಲ್ಲ. ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ, ಸರಿಪಡಿಸಲು ಎಷ್ಟು ವಯಲ್ (ಔಷಧಿಯ ಸಣ್ಣ ಸೀಸೆ) ಬೇಕು ಎಂಬುದನ್ನು ನಿಮ್ಮ ಮುಂದಿಡುತ್ತಿದ್ದೇವೆ.

ಪತ್ರಿಕೆಗಳು ಕುಸುಮ ರೋಗ ಎಂದು ಬರೆಯುವ ಈ ಕಾಯಿಲೆ ಹುಟ್ಟಿನಿಂದಲೇ ಬರುವಂಥದ್ದು. ರಕ್ತ ಹೆಪ್ಪುಗಟ್ಟಲು ಬೇಕಾದ ಪ್ರೋಟೀನುಗಳಲ್ಲಿ ಫ್ಯಾಕ್ಟರ್ 8 ಕಡಿಮೆ ಇದ್ದರೆ ಹಿಮೋಫಿಲಿಯಾ ಎ, ಫ್ಯಾಕ್ಟರ್ 9 ಕಡಿಮೆ ಇದ್ದರೆ ಬಿ. ಎ ಬಗೆಯದು ಸುಮಾರು 5,000 ಗಂಡು ಮಕ್ಕಳಲ್ಲಿ ಒಬ್ಬರಿಗೆ ಬರುತ್ತದೆ, ಬಿ ಅದಕ್ಕಿಂತ ಅಪರೂಪ. ಫ್ಯಾಕ್ಟರ್ ಮಟ್ಟ ಶೇ. 1ಕ್ಕಿಂತ ಕೆಳಗಿದ್ದರೆ ತೀವ್ರ ಸ್ವರೂಪ; ಅಂಥ ಮಗುವಿಗೆ ಪೆಟ್ಟೇ ಬೀಳದೆ ಕೀಲಿನೊಳಗೆ ರಕ್ತ ಸುರಿಯಬಹುದು. ಗಾಯವಾದರೆ ರಕ್ತ ನಿಲ್ಲುವುದಿಲ್ಲ ಎಂದಷ್ಟೇ ಜನ ತಿಳಿದಿದ್ದಾರೆ. ಆದರೆ ಹೊರಗೆ ಕಾಣುವ ರಕ್ತ ನಮಗೆ ಅಷ್ಟು ಭಯ ಹುಟ್ಟಿಸುವುದಿಲ್ಲ. ಮೊಣಕಾಲು, ಮೊಣಕೈ, ಪಾದದ ಗಿಣ್ಣು, ಸೊಂಟದ ಒಳಸ್ನಾಯು, ಎಲ್ಲಕ್ಕಿಂತ ಮಿಗಿಲಾಗಿ ತಲೆಬುರುಡೆಯ ಒಳಗೆ ಕಾಣದಂತೆ ಆಗುವ ಸ್ರಾವ ಮಗುವನ್ನು ಕುಂಟಾಗಿಸುತ್ತದೆ, ಇಲ್ಲವೇ ಕೊಲ್ಲುತ್ತದೆ. ಸುಮಾರು ಮೂರರಲ್ಲಿ ಒಂದು ಪ್ರಕರಣದಲ್ಲಿ ಮನೆತನದಲ್ಲಿ ಹಿಂದೆ ಯಾರಿಗೂ ಇದ್ದಿರುವುದಿಲ್ಲ. "ನಿಮ್ಮ ವಂಶದಲ್ಲಿ ಯಾರಿಗಾದರೂ ಇತ್ತಾ?" ಎಂದು ಕೇಳಿ, ಇಲ್ಲವೆಂದ ಕೂಡಲೇ ಆ ಅನುಮಾನವನ್ನೇ ಕೈಬಿಡುವುದು ತಪ್ಪು.

ಈಗ ನಮ್ಮ ಮುಖ್ಯ ಅಹವಾಲು. ಒಂದು ಉದಾಹರಣೆ ತೆಗೆದುಕೊಳ್ಳಿ. ಆರು ವರ್ಷದ ಹುಡುಗ, ತೂಕ 20 ಕೆ.ಜಿ., ತೀವ್ರ ಹಿಮೋಫಿಲಿಯಾ ಎ. ಜಗಲಿಯಿಂದ ಅಂಗಳಕ್ಕೆ ಬಿದ್ದು ಹಣೆ ಊದಿದೆ, ಒಮ್ಮೆ ವಾಂತಿಯಾಗಿದೆ. ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಕರೆತಂದರೆ ಅಲ್ಲಿ ಕೈಗೆ ಸಿಗುವುದು ರೆಫರ್ ಚೀಟಿ. 108ಕ್ಕೆ ಕಾಯಬೇಕು, ಘಟ್ಟದ ರಸ್ತೆ ಇಳಿಯಬೇಕು ಅಥವಾ ಹತ್ತಬೇಕು. ದೊಡ್ಡ ಆಸ್ಪತ್ರೆ ಮುಟ್ಟಿದರೆ ಮೊದಲು ಸಿಟಿ ಸ್ಕ್ಯಾನಿಗೆ ಸರದಿ, ರಿಪೋರ್ಟಿಗೆ ಕಾಯುವುದು, ಆಮೇಲೆ ಫ್ಯಾಕ್ಟರ್ ಎಲ್ಲಿದೆ ಎಂಬ ಹುಡುಕಾಟ. ಈ ಇಡೀ ಹೊತ್ತಿನಲ್ಲಿ ಮಗುವಿನ ತಲೆಯೊಳಗೆ ರಕ್ತ ಸೋರುವುದನ್ನು ನಿಲ್ಲಿಸಲು ಯಾರೂ ಏನೂ ಮಾಡಿರುವುದಿಲ್ಲ.

ಆಗಬೇಕಾದದ್ದು ತಿರುವುಮುರುವು. ತಲೆ, ಕುತ್ತಿಗೆ, ಹೊಟ್ಟೆಗೆ ಪೆಟ್ಟಾದ ಹಿಮೋಫಿಲಿಯಾ ಮಗುವಿಗೆ ಮೊದಲು ಫ್ಯಾಕ್ಟರ್ ಕೊಡಬೇಕು, ಆಮೇಲೆ ಸ್ಕ್ಯಾನ್, ಆಮೇಲೆ ರೆಫರ್. ಜಗತ್ತಿನ ಪ್ರಮುಖ ಮಾರ್ಗಸೂಚಿಗಳು ಹೇಳುವುದು ಇದನ್ನೇ. ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೆ ಎರಡು ವಯಲ್ ಖರ್ಚಾಗಿರುತ್ತದೆ, ಅಷ್ಟೇ. ಕಂಡರೆ, ಆ ಎರಡು ವಯಲ್ ಮಗುವಿನ ಜೀವ ಹಿಡಿದಿಟ್ಟಿರುತ್ತದೆ. ಲೆಕ್ಕವೂ ಕಷ್ಟದ್ದಲ್ಲ. ಕೆ.ಜಿ. ತೂಕಕ್ಕೆ 1 ಯೂನಿಟ್ ಫ್ಯಾಕ್ಟರ್ 8 ಕೊಟ್ಟರೆ ರಕ್ತದಲ್ಲಿ ಅದರ ಮಟ್ಟ ಸುಮಾರು ಶೇ. 2 ಏರುತ್ತದೆ. ತಲೆಯ ಪೆಟ್ಟಿಗೆ ಶೇ. 80ರಿಂದ 100 ಬೇಕು, ಅಂದರೆ ಕೆ.ಜಿ.ಗೆ 40ರಿಂದ 50 ಯೂನಿಟ್. 20 ಕೆ.ಜಿ. ಮಗುವಿಗೆ 1,000 ಯೂನಿಟ್, 500ರ ಎರಡು ವಯಲ್. ಈ ಔಷಧಿ 8ರಿಂದ 12 ಗಂಟೆಯಲ್ಲಿ ಅರ್ಧಕ್ಕಿಳಿಯುತ್ತದೆ. ಹೊರಡುವ ಮುನ್ನ ಕೊಟ್ಟ ಡೋಸ್ ಮಗುವನ್ನು ಚಿಕ್ಕಮಗಳೂರಿಗೆ ಮಾತ್ರವಲ್ಲ, ಹಾಸನಕ್ಕೂ ಬೆಂಗಳೂರಿಗೂ ಕ್ಷೇಮವಾಗಿ ಮುಟ್ಟಿಸುತ್ತದೆ. ಕಳಸದಿಂದ ಜಿಲ್ಲಾ ಕೇಂದ್ರಕ್ಕೆ ಸುಮಾರು 90 ಕಿ.ಮೀ. ಇದೆ. ಮಳೆಗಾಲದಲ್ಲಿ ಆ ದಾರಿಗೆ ಎಷ್ಟು ಗಂಟೆ ಹಿಡಿಯುತ್ತದೆ ಎಂದು ನಿಮಗೆ ನಾವು ಹೇಳಬೇಕಾಗಿಲ್ಲ. 2019ರ ಆಗಸ್ಟಿನಲ್ಲಿ ಚಾರ್ಮಾಡಿ ಘಾಟಿ ಕುಸಿದಾಗ ಮಂಗಳೂರಿನ ಕಡೆಯ ಬಾಗಿಲೇ ಮುಚ್ಚಿಹೋಗಿತ್ತು. ಅಂಥ ದಿನ ರೆಫರ್ ಚೀಟಿಯ ಬೆಲೆ ಎಷ್ಟು?

ಫ್ಯಾಕ್ಟರ್ ಕೇಳಿದಾಗ "ಸ್ಟಾಕ್ ಇದೆ" ಎಂಬ ಉತ್ತರ ಸಿಕ್ಕರೂ ನಾವು ಸಮಾಧಾನಪಡುವಂತಿಲ್ಲ. ಎಷ್ಟಿದೆ ಎಂದು ಕೇಳಿದರೆ ಎರಡು ಅಥವಾ ಮೂರು ವಯಲ್. ತಲೆಯೊಳಗೆ ಸ್ರಾವವಾಗಿರುವುದು ಖಚಿತವಾದರೆ ಒಂದು ಡೋಸಿಗೆ ಮುಗಿಯುವುದಿಲ್ಲ. ಮೊದಲ 1,000 ಯೂನಿಟ್ ಆದ ಮೇಲೆ ಪ್ರತಿ 12 ಗಂಟೆಗೆ 500ರಂತೆ ಕೊಟ್ಟರೂ ಮೊದಲ ವಾರಕ್ಕೇ ಇನ್ನು 13 ಡೋಸ್ ಬೇಕು. ಒಟ್ಟು 7,500 ಯೂನಿಟ್, 500ರ 15 ವಯಲ್. ಮಕ್ಕಳಲ್ಲಿ ಔಷಧಿ ಬೇಗ ಇಳಿಯುವುದರಿಂದ ಕೆಲವೊಮ್ಮೆ 8 ಗಂಟೆಗೊಮ್ಮೆ ಕೊಡಬೇಕಾಗುತ್ತದೆ, ಲೆಕ್ಕ ಇನ್ನೂ ಮೇಲೆ ಹೋಗುತ್ತದೆ. ಎರಡನೆಯ, ಮೂರನೆಯ ವಾರವೂ ಕಡಿಮೆ ಪ್ರಮಾಣದಲ್ಲಿ ಮುಂದುವರಿಸಬೇಕು. 60 ಕೆ.ಜಿ.ಯ ದೊಡ್ಡವರಿಗೆ ಇದೇ ಲೆಕ್ಕದಲ್ಲಿ ಮೊದಲ ವಾರಕ್ಕೆ 22,500 ಯೂನಿಟ್. ಮೂರನೆಯ ದಿನ ವಯಲ್ ಮುಗಿದು, ನಾಲ್ಕನೆಯ ದಿನ ಮತ್ತೆ ಸ್ರಾವ ಶುರುವಾದರೆ ಮೊದಲ ಮೂರು ದಿನ ಕೊಟ್ಟದ್ದೂ ನೀರಿಗೆ ಸುರಿದಂತೆ.

ಹಾಗಾದರೆ ಯಾಕೆ ಎರಡೇ ವಯಲ್ ಇರುತ್ತದೆ? ಇದಕ್ಕೆ ಹಣದ ಕೊರತೆಯೊಂದೇ ಕಾರಣವಲ್ಲ. ಇಂಡೆಂಟ್ ಹಾಕುವ ಕ್ರಮದಲ್ಲೇ ಒಂದು ಬಿಲವಿದೆ. ವರ್ಷದ ಬೇಡಿಕೆಯನ್ನು ಕಳೆದ ವರ್ಷ ಖರ್ಚಾದದ್ದನ್ನು ನೋಡಿ ಬರೆಯುತ್ತಾರೆ. ಕಳೆದ ವರ್ಷ ನಾಲ್ಕು ತಿಂಗಳು ದಾಸ್ತಾನು ಇಲ್ಲದೆ ಮಕ್ಕಳನ್ನು ವಾಪಸ್ ಕಳಿಸಿದ್ದರೆ, ಆ ನಾಲ್ಕು ತಿಂಗಳ ಖರ್ಚು ಸೊನ್ನೆ ಎಂದು ದಾಖಲಾಗಿರುತ್ತದೆ. ಔಷಧಿ ಇರಲಿಲ್ಲ ಎಂಬುದು ಪುಸ್ತಕದಲ್ಲಿ ಔಷಧಿ ಬೇಕಾಗಿರಲಿಲ್ಲ ಎಂದಾಗಿ ಬದಲಾಗುತ್ತದೆ. ಮುಂದಿನ ವರ್ಷದ ಇಂಡೆಂಟ್ ಇನ್ನೂ ಸಣ್ಣದಾಗುತ್ತದೆ. ಕೊಡಲಾಗದೆ ಕಳಿಸಿದ ಮಗುವಿನ ಲೆಕ್ಕ ಯಾವ ರಿಜಿಸ್ಟರಿನಲ್ಲೂ ಇಲ್ಲ.

ಇನ್ನೊಂದು ಕಾರಣ ಎಕ್ಸ್‌ಪೈರಿ. ದುಬಾರಿ ಔಷಧಿ ಬಳಕೆಯಾಗದೆ ಅವಧಿ ಮೀರಿದರೆ ಆಡಿಟ್‌ನಲ್ಲಿ ಆಕ್ಷೇಪಣೆ ಬರುತ್ತದೆ, ಉತ್ತರ ಕೊಡಬೇಕಾದವರು ಫಾರ್ಮಸಿ ಅಧಿಕಾರಿ. ತಾಲ್ಲೂಕಿನಲ್ಲಿ ಇರುವುದು ಬೆರಳೆಣಿಕೆಯ ಮಕ್ಕಳು. ಯಾರಿಗೆ ಬೇಕು ಈ ತಲೆನೋವು ಎಂದು ಅವರು ಇಂಡೆಂಟನ್ನೇ ಹಾಕುವುದಿಲ್ಲ. ಅವರನ್ನು ಬೈಯುವುದೂ ನ್ಯಾಯವಲ್ಲ. ಆದರೆ ಇದಕ್ಕೆ ದಾರಿಯಿದೆ. ಅವಧಿ ಮುಗಿಯಲು ಆರು ತಿಂಗಳು ಉಳಿದಿರುವಾಗಲೇ ತಾಲ್ಲೂಕಿನ ವಯಲ್‌ಗಳನ್ನು ಹೆಚ್ಚು ಬಳಕೆಯಿರುವ ಜಿಲ್ಲಾ ಆಸ್ಪತ್ರೆಗೆ ಕಳಿಸಿ, ಅಲ್ಲಿಂದ ಹೊಸ ಬ್ಯಾಚ್ ತರಿಸಿಕೊಳ್ಳುವುದು. ಹೀಗೆ ತಿರುಗಿಸುತ್ತಿದ್ದರೆ ಒಂದು ವಯಲ್ ಕೂಡ ಹಾಳಾಗುವುದಿಲ್ಲ. ಇದಕ್ಕೆ ನಿಮ್ಮ ಒಂದು ಲಿಖಿತ ಸುತ್ತೋಲೆ ಸಾಕು. ಬಾಯಿಮಾತಿನ ಧೈರ್ಯ ಆಡಿಟ್‌ನವರ ಮುಂದೆ ನಿಲ್ಲುವುದಿಲ್ಲ.

ಮೂರನೆಯದು ಬೀಗ. ಫ್ಯಾಕ್ಟರನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಲಸಿಕೆಗೆಂದೇ ಇರುವ ಫ್ರಿಜ್ಜಿನಲ್ಲಿ (ಐಎಲ್‌ಆರ್) ಬೇರೆ ಔಷಧಿ ಇಡುವಂತಿಲ್ಲ, ಹಾಗಾಗಿ ಅದು ಫಾರ್ಮಸಿಯ ಮಾಮೂಲಿ ಫ್ರಿಜ್ಜಿಗೆ ಹೋಗುತ್ತದೆ. ಸಂಜೆ ಫಾರ್ಮಸಿಗೆ ಬೀಗ ಬೀಳುತ್ತದೆ, ಕೀಲಿಕೈ ಇಪ್ಪತ್ತು ಮೂವತ್ತು ಕಿ.ಮೀ. ದೂರದ ಮನೆಗೆ ಹೋಗುತ್ತದೆ. ರಾತ್ರಿ ಹತ್ತಕ್ಕೆ ಮೊಣಕಾಲು ಊದಿಸಿಕೊಂಡು ಬಂದ ಮಗುವಿಗೆ ಬೆಳಿಗ್ಗೆ ಹತ್ತರವರೆಗೆ ಔಷಧಿ ಇದ್ದೂ ಇಲ್ಲ. ಕೀಲಿನ ಸ್ರಾವಕ್ಕೆ ಎರಡು ಗಂಟೆಯೊಳಗೆ ಕೊಟ್ಟರೆ ಹೆಚ್ಚಾಗಿ ಒಂದು ಡೋಸ್, ಅಂದರೆ ಕೆ.ಜಿ.ಗೆ 20ರಿಂದ 30 ಯೂನಿಟ್, ಸಾಕಾಗುತ್ತದೆ. ಹನ್ನೆರಡು ಗಂಟೆ ತಡವಾದರೆ ಮೂರು ನಾಲ್ಕು ಡೋಸ್ ಹಿಡಿಯುತ್ತದೆ, ಕೀಲೂ ಸವೆದಿರುತ್ತದೆ. ಫ್ಯಾಕ್ಟರ್ ಇಡುವ ಜಾಗ ಕ್ಯಾಶುವಾಲ್ಟಿಯ ಫ್ರಿಜ್ ಆಗಬೇಕು, ಕೀಲಿಕೈ ಡ್ಯೂಟಿಯ ನರ್ಸ್ ಬಳಿ ಇರಬೇಕು, ದಿನಕ್ಕೆರಡು ಸಲ ಉಷ್ಣತೆ ಬರೆಯಬೇಕು. ಫ್ರೀಜರ್ ಭಾಗಕ್ಕೆ ತಾಗುವಂತೆ ಇಡಲೇಬಾರದು. ಹೆಪ್ಪುಗಟ್ಟಿದರೆ ಔಷಧಿ ಕೆಡುತ್ತದೆ, ಜೊತೆಗಿರುವ ನೀರಿನ ಸೀಸೆ ಒಡೆಯುತ್ತದೆ. ಮಲೆನಾಡಿನಲ್ಲಿ ಕರೆಂಟ್ ಹೋಗುವುದು ಹೊಸದೇನಲ್ಲ. ಅದಕ್ಕೆ ಹೆದರಿ ತರಿಸದೇ ಇರಬೇಕಾಗಿಲ್ಲ. ಈಗಿನ ಹಲವು ಫ್ಯಾಕ್ಟರ್ ಬ್ರ್ಯಾಂಡುಗಳನ್ನು ಪೊಟ್ಟಣದ ಮೇಲೆ ಬರೆದಿರುವಂತೆ 25 ಅಥವಾ 30 ಡಿಗ್ರಿಯವರೆಗೆ ಕೆಲವು ತಿಂಗಳು ಹೊರಗೂ ಇಡಬಹುದು. ಹೊರಗೆ ತೆಗೆದ ದಿನಾಂಕ ಬರೆದಿಡಬೇಕು, ಮತ್ತೆ ಫ್ರಿಜ್ಜಿಗೆ ಸೇರಿಸಬಾರದು.

ಔಷಧಿ ಕೈಗೆ ಬಂದ ಮೇಲೂ ಕೆಡುವ ಜಾಗಗಳಿವೆ. ಪೊಟ್ಟಣದಲ್ಲಿ ಪುಡಿಯ ವಯಲ್, ಅದಕ್ಕೇ ಅಳೆದಿಟ್ಟ ನೀರು, ವರ್ಗಾಯಿಸುವ ಸೂಜಿ, ಸೋಸುವ ಸೂಜಿ ಇರುತ್ತವೆ. ಆ ನೀರನ್ನು ಬಿಟ್ಟು ಸಲೈನ್ ಬೆರೆಸುವುದು, ಬೇಗ ಕರಗಲಿ ಎಂದು ಜೋರಾಗಿ ಕುಲುಕಿ ನೊರೆ ಎಬ್ಬಿಸುವುದು, ಕೊನೆಗೆ ದೊಡ್ಡ ಡ್ರಿಪ್ ಬಾಟಲಿಗೆ ಸುರಿದು ಹನಿಹನಿಯಾಗಿ ಬಿಡುವುದು, ಇವೆಲ್ಲ ಆಗುವ ತಪ್ಪುಗಳು. ವಯಲ್ ಮತ್ತು ನೀರು ಎರಡೂ ಕೋಣೆಯ ಉಷ್ಣತೆಗೆ ಬರಬೇಕು, ಅಂಗೈಯಲ್ಲಿಟ್ಟು ಮೆಲ್ಲಗೆ ತಿರುಗಿಸುತ್ತಾ ಕರಗಿಸಬೇಕು, ಸೋಸುವ ಸೂಜಿಯಿಂದ ಸಿರಿಂಜಿಗೆ ಎಳೆದು 23 ಅಥವಾ 25 ಗೇಜಿನ ಬಟರ್‌ಫ್ಲೈ ಸೂಜಿಯಲ್ಲಿ ನರಕ್ಕೆ ನಿಧಾನವಾಗಿ ಕೊಡಬೇಕು. ಕಲಸಿದ್ದನ್ನು ಮೂರು ಗಂಟೆಯೊಳಗೆ ಬಳಸಬೇಕು. ಸೂಜಿ ತೆಗೆದ ಜಾಗವನ್ನು ಐದು ನಿಮಿಷ ಒತ್ತಿ ಹಿಡಿಯಬೇಕು. ಲೆಕ್ಕ 440 ಯೂನಿಟ್ ಬಂದು ಕೈಯಲ್ಲಿ 500ರ ವಯಲ್ ಇದ್ದರೆ ಇಡೀ ವಯಲ್ ಕೊಡಬೇಕು. 60 ಯೂನಿಟ್ ಚೆಲ್ಲುವುದು ಮಹಾಪಾಪ. ಬರೀ 250ರ ವಯಲ್ ತರಿಸಿಟ್ಟರೂ ಕಷ್ಟ. 1,000 ಯೂನಿಟ್‌ಗೆ ನಾಲ್ಕು ವಯಲ್ ಒಂದೊಂದಾಗಿ ಕರಗಿಸುವಷ್ಟರಲ್ಲಿ, ರಾತ್ರಿ ಪಾಳಿಯಲ್ಲಿ ಒಬ್ಬರೇ ಇರುವ ನರ್ಸ್‌ಗೆ ಅಮೂಲ್ಯ ಹೊತ್ತು ಕಳೆದುಹೋಗಿರುತ್ತದೆ.

ಇದಕ್ಕೂ ಮೊದಲೇ ಆಗುವ ಒಂದು ಅನಾಹುತ ಹೇಳಲೇಬೇಕು. ಬಿದ್ದು ಬಂದ ಯಾವ ಮಗುವಿಗಾದರೂ ಕ್ಯಾಶುವಾಲ್ಟಿಯಲ್ಲಿ ಅಭ್ಯಾಸಬಲದಿಂದ ತೋಳಿಗೆ ಟಿಟಿ, ಕುಂಡಿಗೆ ಡೈಕ್ಲೋಫೆನಾಕ್ ಚುಚ್ಚಿಬಿಡುತ್ತಾರೆ. ಹಿಮೋಫಿಲಿಯಾ ಮಗುವಿಗೆ ಸ್ನಾಯುವಿನೊಳಗೆ ಚುಚ್ಚಿದರೆ ಅಲ್ಲೇ ರಕ್ತದ ಗಡ್ಡೆ ಕಟ್ಟುತ್ತದೆ. ಡೈಕ್ಲೋಫೆನಾಕ್, ಐಬುಪ್ರೊಫೆನ್, ಆಸ್ಪಿರಿನ್ ರಕ್ತದ ಕಿರುಬಿಲ್ಲೆಗಳ ಕೆಲಸವನ್ನೂ ಕೆಡಿಸುತ್ತವೆ. ನೋವಿಗೆ ಪ್ಯಾರಾಸಿಟಮಾಲ್ ಕೊಡಬೇಕು. ಬಾಯಿ, ಒಸಡು, ನಾಲಿಗೆಯ ಸ್ರಾವಕ್ಕೆ ಟ್ರಾನೆಕ್ಸಾಮಿಕ್ ಆಸಿಡ್ ಕೆ.ಜಿ.ಗೆ 25 ಮಿ.ಗ್ರಾಂ.ನಂತೆ ದಿನಕ್ಕೆ ಮೂರು ಸಲ, 20 ಕೆ.ಜಿ.ಗೆ 500ರ ಒಂದು ಮಾತ್ರೆಯ ಲೆಕ್ಕ. ಇದು ಎಲ್ಲ ಆಸ್ಪತ್ರೆಯಲ್ಲೂ ಇರುವ ಅಗ್ಗದ ಮಾತ್ರೆ. ಮೂತ್ರದಲ್ಲಿ ರಕ್ತ ಹೋಗುತ್ತಿದ್ದರೆ ಮಾತ್ರ ಕೊಡಬಾರದು. ಕೆಳಹೊಟ್ಟೆ, ತೊಡೆಸಂದಿ ನೋಯುತ್ತಿದೆ, ಕಾಲು ನೀಡಲಾಗುತ್ತಿಲ್ಲ ಎನ್ನುವ ಹುಡುಗನಿಗೆ ಅಪೆಂಡಿಕ್ಸ್ ಎಂದು ಚಾಕು ಹಿಡಿಯುವ ಮುನ್ನ ಸೊಂಟದ ಸ್ನಾಯುವಿನ ಸ್ರಾವವನ್ನು ನೆನಪಿಸಿಕೊಳ್ಳಬೇಕು.

ಫ್ಯಾಕ್ಟರ್ ಇಲ್ಲದಿದ್ದರೆ ಪ್ಲಾಸ್ಮಾ ಕೊಡುತ್ತೇವೆ ಎಂಬ ಮಾತು ಬರುತ್ತದೆ. ಲೆಕ್ಕ ನೋಡಿ. ಪ್ಲಾಸ್ಮಾದ 1 ಮಿ.ಲೀ.ನಲ್ಲಿ ಇರುವುದು ಸುಮಾರು 1 ಯೂನಿಟ್. 20 ಕೆ.ಜಿ. ಮಗುವಿಗೆ ಒಂದು ಸಲಕ್ಕೆ 300ರಿಂದ 400 ಮಿ.ಲೀ.ಗಿಂತ ಹೆಚ್ಚು ಹಾಕಿದರೆ ಹೃದಯಕ್ಕೆ, ಶ್ವಾಸಕೋಶಕ್ಕೆ ಭಾರ. ಅಷ್ಟರಿಂದ ತಲೆಯ ಸ್ರಾವಕ್ಕೆ ಬೇಕಾದ ಮಟ್ಟ ಹತ್ತಿರಕ್ಕೂ ಬರುವುದಿಲ್ಲ. ಪ್ಲಾಸ್ಮಾದಿಂದ ತೆಗೆಯುವ ಕ್ರಯೋ ಪರವಾಗಿಲ್ಲ, ಒಂದು ಚೀಲದಲ್ಲಿ ಸುಮಾರು 80 ಯೂನಿಟ್ ಫ್ಯಾಕ್ಟರ್ 8 ಇರುತ್ತದೆ. ಆದರೂ 1,000 ಯೂನಿಟ್‌ಗೆ ಹನ್ನೆರಡು ಹದಿಮೂರು ಚೀಲ, ಅಷ್ಟೇ ಸಂಖ್ಯೆಯ ದಾನಿಗಳ ರಕ್ತ. ತಾಲ್ಲೂಕಿನ ರಕ್ತ ಶೇಖರಣಾ ಘಟಕಗಳಲ್ಲಿ ಅದನ್ನಿಡುವ ಡೀಪ್ ಫ್ರೀಜರ್ ಇರುವುದಿಲ್ಲ. ವೈರಸ್ ನಾಶಪಡಿಸಿದ ಫ್ಯಾಕ್ಟರಿನಷ್ಟು ಅದು ಸುರಕ್ಷಿತವೂ ಅಲ್ಲ. ಬಿ ಬಗೆಯ ಮಗುವಿಗಂತೂ ಕ್ರಯೋದಿಂದ ಏನೂ ಪ್ರಯೋಜನವಿಲ್ಲ, ಅದರಲ್ಲಿ ಫ್ಯಾಕ್ಟರ್ 9 ಇಲ್ಲ. ಎ ಮಗುವಿಗೆ ಬಿ ಔಷಧಿ, ಬಿ ಮಗುವಿಗೆ ಎ ಔಷಧಿ ಕೊಟ್ಟರೂ ಹಾಗೆಯೇ. ಫ್ಯಾಕ್ಟರ್ 9 ಕೆ.ಜಿ.ಗೆ 1 ಯೂನಿಟ್ ಕೊಟ್ಟರೆ ಮಟ್ಟ ಏರುವುದು ಸುಮಾರು ಶೇ. 1 ಮಾತ್ರ, ಡೋಸ್ ಹೆಚ್ಚುಕಡಿಮೆ ಇಮ್ಮಡಿ ಬೇಕು ಎಂಬುದನ್ನೂ ದಾಸ್ತಾನಿನ ಲೆಕ್ಕದಲ್ಲಿ ಸೇರಿಸಬೇಕು.

ಇನ್ನು ನಿಜಕ್ಕೂ ಅಪರೂಪದ, ನಿಜಕ್ಕೂ ದುಬಾರಿಯ ವಿಷಯ. ತೀವ್ರ ಹಿಮೋಫಿಲಿಯಾ ಎ ಇರುವವರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಹೊರಗಿನಿಂದ ಕೊಟ್ಟ ಫ್ಯಾಕ್ಟರನ್ನೇ ದೇಹ ಶತ್ರುವೆಂದು ಎಣಿಸಿ ನಾಶಪಡಿಸುವ ಇನ್ಹಿಬಿಟರ್ ಹುಟ್ಟಿಕೊಳ್ಳುತ್ತದೆ. ಮೊದಲ 50 ಸಲದ ಬಳಕೆಯೊಳಗೆ ಇದರ ಸಂಭವ ಹೆಚ್ಚು. ಮೊನ್ನೆಯವರೆಗೆ ಒಂದು ಡೋಸಿಗೆ ಇಳಿಯುತ್ತಿದ್ದ ಊತ ಈಗ ಮೂರು ಡೋಸಿಗೂ ಇಳಿಯುತ್ತಿಲ್ಲವೆಂದರೆ "ಇನ್ನೆರಡು ಹಾಕಿ ನೋಡೋಣ" ಎನ್ನದೆ ಇನ್ಹಿಬಿಟರ್ ಪರೀಕ್ಷೆಗೆ ಕಳಿಸಬೇಕು. ಅದು 5 ಬೆಥೆಸ್ಡಾ ಯೂನಿಟ್ (ಇನ್ಹಿಬಿಟರ್ ಅಳೆಯುವ ಮಾನ) ಮೀರಿದ್ದರೆ ಮಾಮೂಲಿ ಫ್ಯಾಕ್ಟರ್ ಎಷ್ಟು ಸುರಿದರೂ ವ್ಯರ್ಥ. ಆಗ ಬೇಕಾಗುವುದು ಇನ್ಹಿಬಿಟರ್ ಇದ್ದರೂ ರಕ್ತ ಹೆಪ್ಪುಗಟ್ಟಿಸುವ ಔಷಧಿಗಳಾದ ಫ್ಯಾಕ್ಟರ್ 7ಎ ಅಥವಾ ಫೀಬಾ. 7ಎ ಡೋಸ್ ಕೆ.ಜಿ.ಗೆ 90 ಮೈಕ್ರೋಗ್ರಾಂ, 20 ಕೆ.ಜಿ. ಮಗುವಿಗೆ 1.8 ಮಿ.ಗ್ರಾಂ., ಅಂದರೆ 2 ಮಿ.ಗ್ರಾಂ.ನ ಒಂದು ವಯಲ್. ಅದನ್ನು ಎರಡು ಮೂರು ಗಂಟೆಗೊಮ್ಮೆ ಮತ್ತೆ ಕೊಡಬೇಕು. ಇಂಥ ಮಗುವನ್ನು ಬೆಂಗಳೂರಿಗೆ ಕಳಿಸುವುದಾದರೆ ದಾರಿಯಲ್ಲೇ ಎರಡು ಡೋಸ್ ಬೀಳಬೇಕಾಗುತ್ತದೆ. ಇದನ್ನು ಪ್ರತಿ ತಾಲ್ಲೂಕಿನಲ್ಲಿ ಇಡಿ ಎಂದು ಕೇಳುವಷ್ಟು ಅವಿವೇಕಿಗಳಲ್ಲ ನಾವು. ಇನ್ಹಿಬಿಟರ್ ಇರುವ ಮಗು ಯಾವ ತಾಲ್ಲೂಕಿನಲ್ಲಿದೆಯೋ ಆ ಆಸ್ಪತ್ರೆಯಲ್ಲಿ ಮೂರು ವಯಲ್, ಜಿಲ್ಲಾ ಆಸ್ಪತ್ರೆಯಲ್ಲಿ ಎರಡು ದಿನಕ್ಕಾಗುವಷ್ಟು ಇದ್ದರೆ ಮಗು ಉಳಿಯುತ್ತದೆ.

ಎಮಿಸಿಜುಮ್ಯಾಬ್ ಎಂಬ ಹೊಸ ಔಷಧಿ ಬಂದಿದೆ. ನರ ಹುಡುಕುವ ಗೋಜಿಲ್ಲ, ಚರ್ಮದ ಕೆಳಗೆ ಕೊಟ್ಟರಾಯಿತು, ಇನ್ಹಿಬಿಟರ್ ಇದ್ದರೂ ಕೆಲಸ ಮಾಡುತ್ತದೆ. ಮೊದಲ ನಾಲ್ಕು ವಾರ ವಾರಕ್ಕೊಮ್ಮೆ ಕೆ.ಜಿ.ಗೆ 3 ಮಿ.ಗ್ರಾಂ., ಆಮೇಲೆ ಎರಡು ವಾರಕ್ಕೊಮ್ಮೆ 3 ಅಥವಾ ನಾಲ್ಕು ವಾರಕ್ಕೊಮ್ಮೆ 6. ನಮ್ಮ 20 ಕೆ.ಜಿ. ಮಗುವಿಗೆ ಎರಡು ವಾರಕ್ಕೊಂದು 60 ಮಿ.ಗ್ರಾಂ. ವಯಲ್, ಚೂರೂ ಪೋಲಾಗದ ಲೆಕ್ಕ. ಇದು ಸಿಗುವ ಮಕ್ಕಳ ಬಗ್ಗೆ ಮೂರು ಎಚ್ಚರಿಕೆ. ಇದು ಸ್ರಾವ ಬಾರದಂತೆ ತಡೆಯುತ್ತದೆ, ಶುರುವಾದ ಸ್ರಾವವನ್ನು ನಿಲ್ಲಿಸುವುದಿಲ್ಲ. ಹಾಗಾಗಿ ತಾಲ್ಲೂಕಿನ ಫ್ಯಾಕ್ಟರ್ ದಾಸ್ತಾನು ರದ್ದು ಮಾಡುವಂತಿಲ್ಲ. ಮತ್ತೆ, ಇದನ್ನು ತೆಗೆದುಕೊಳ್ಳುತ್ತಿರುವ ಮಗುವಿನ ಎಪಿಟಿಟಿ (ರಕ್ತ ಹೆಪ್ಪುಗಟ್ಟಲು ಹಿಡಿಯುವ ಹೊತ್ತಿನ) ಪರೀಕ್ಷೆ ನಾರ್ಮಲ್ ಎಂದೇ ಬರುತ್ತದೆ. ಅದನ್ನು ನಂಬಿ ಕಾಯಿಲೆ ವಾಸಿಯಾಗಿದೆ ಎಂದು ಹಲ್ಲು ಕೀಳಲು ಹೊರಡಬಾರದು. ಈ ಮಕ್ಕಳಿಗೆ ಫೀಬಾ ದೊಡ್ಡ ಪ್ರಮಾಣದಲ್ಲಿ ಕೊಟ್ಟರೆ ರಕ್ತನಾಳಗಳಲ್ಲಿ ಹೆಪ್ಪುಗಟ್ಟುವ ಅಪಾಯವಿದೆ, 7ಎ ಇದ್ದರೆ ಅದೇ ಮೇಲು.

ಪರೀಕ್ಷೆಯ ಮಾತು ಬಂದದ್ದರಿಂದ ಇದನ್ನೂ ಹೇಳಿಬಿಡುತ್ತೇವೆ. ಆಪರೇಷನ್ನಿಗೆ ಮುಂಚೆ ಮಾಡಿಸುವ ಬಿಟಿ-ಸಿಟಿ (ರಕ್ತ ನಿಲ್ಲುವ ಮತ್ತು ಹೆಪ್ಪುಗಟ್ಟುವ ಹೊತ್ತಿನ ಸರಳ ಪರೀಕ್ಷೆ) ನಾರ್ಮಲ್ ಬಂದರೆ ಹಿಮೋಫಿಲಿಯಾ ಇಲ್ಲವೆಂದಲ್ಲ. ಆ ಪರೀಕ್ಷೆಗೆ ಇದು ಸಿಗದೇ ಹೋಗಬಹುದು. ಪ್ಲೇಟ್‌ಲೆಟ್ ಮತ್ತು ಪಿಟಿ (ಹೆಪ್ಪುಗಟ್ಟುವ ಹೊತ್ತಿನ ಇನ್ನೊಂದು ಪರೀಕ್ಷೆ) ಸರಿಯಿದ್ದು ಎಪಿಟಿಟಿ ಉದ್ದವಾಗಿದ್ದರೆ ಫ್ಯಾಕ್ಟರ್ ಪರೀಕ್ಷೆಗೆ ಹೋಗಬೇಕು. ನೀಲಿ ಮುಚ್ಚಳದ ಟ್ಯೂಬಿಗೆ ಗುರುತಿನವರೆಗೆ ರಕ್ತ ತುಂಬಬೇಕು, ಒಂಬತ್ತು ಪಾಲು ರಕ್ತಕ್ಕೆ ಒಂದು ಪಾಲು ಸಿಟ್ರೇಟ್. ಅರ್ಧ ತುಂಬಿದರೆ ಫಲಿತಾಂಶ ತಪ್ಪು. ನಾಲ್ಕು ಗಂಟೆಯೊಳಗೆ ಪರೀಕ್ಷೆಯಾಗಬೇಕು, ಇಲ್ಲವೇ ಪ್ಲಾಸ್ಮಾ ಬೇರ್ಪಡಿಸಿ ಫ್ರೀಜ್ ಮಾಡಿ ಕಳಿಸಬೇಕು. ಟ್ಯೂಬನ್ನು ಹಾಗೇ ರಾತ್ರಿ ಬಸ್ಸಿಗೆ ಹಾಕಿ ಬೆಂಗಳೂರಿಗೆ ಕಳಿಸಿದರೆ ದಾರಿಯಲ್ಲೇ ಫ್ಯಾಕ್ಟರ್ 8 ಇಳಿದು, ಸಾಧಾರಣ ಕಾಯಿಲೆಯೂ ತೀವ್ರವೆಂದು ರಿಪೋರ್ಟ್ ಬರಬಹುದು.

ಸ್ರಾವವಾದ ಮೇಲೆ ಓಡುವುದಕ್ಕಿಂತ ವಾರಕ್ಕೆರಡು ಸಲ ಮುಂಚಿತವಾಗಿ ಕೊಡುವುದು ಮೇಲು ಎಂದರೆ, ಅಷ್ಟೊಂದು ಔಷಧಿ ಎಲ್ಲಿಂದ ತರೋಣ ಎಂಬ ಪ್ರಶ್ನೆ ಬರುತ್ತದೆ. ಕಡಿಮೆ ಪ್ರಮಾಣದ ಕ್ರಮದಲ್ಲಿ 20 ಕೆ.ಜಿ. ಮಗುವಿಗೆ ಸಲಕ್ಕೆ 250 ಯೂನಿಟ್, ವರ್ಷಕ್ಕೆ 26,000. ಈಗಿನಂತೆ ಸ್ರಾವವಾದಾಗ ಮಾತ್ರ ಕೊಟ್ಟರೆ? ತಿಂಗಳಿಗೆ ಎರಡು ಸ್ರಾವ, ಒಂದೊಂದಕ್ಕೆ 500ರ ಎರಡು ಡೋಸ್ ಎಂದು ಹಿಡಿದರೂ ವರ್ಷಕ್ಕೆ 24,000. ಖರ್ಚು ಹೆಚ್ಚುಕಡಿಮೆ ಒಂದೇ. ಒಂದರಲ್ಲಿ ಮಗು ಶಾಲೆಗೆ ನಡೆದು ಹೋಗುತ್ತದೆ, ಇನ್ನೊಂದರಲ್ಲಿ ಹದಿನೈದು ತುಂಬುವಷ್ಟರಲ್ಲಿ ಮೊಣಕಾಲು ಮಡಚದಂತಾಗಿರುತ್ತದೆ. ಇದಕ್ಕಾಗಿ ವಾರಕ್ಕೆರಡು ದಿನ ಅಪ್ಪ ಅಮ್ಮ ಕೂಲಿ ಬಿಟ್ಟು ಪೇಟೆಗೆ ಬರುವಂತಾದರೆ ಎರಡನೇ ತಿಂಗಳಿಗೇ ನಿಲ್ಲುತ್ತದೆ. ಕಲಿತ ಪೋಷಕರ ಕೈಗೆ ತಿಂಗಳ ಔಷಧಿ ಕೊಟ್ಟು, ಖಾಲಿ ವಯಲ್ ಮತ್ತು ದಿನಾಂಕ ಬರೆದ ಪುಸ್ತಕ ವಾಪಸ್ ಪಡೆದರೆ ಲೆಕ್ಕವೂ ಸರಿಹೋಗುತ್ತದೆ. ಅಡ್ಮಿಟ್ ಆದರೆ ಮಾತ್ರ ಫ್ಯಾಕ್ಟರ್ ಎಂಬ ಅಲಿಖಿತ ನಿಯಮ ಹಾಸಿಗೆಯನ್ನು ತುಂಬಿಸುತ್ತದೆ, ಕೀಲನ್ನು ಉಳಿಸುವುದಿಲ್ಲ.

ಕಾನೂನು ನಮ್ಮ ಕಡೆಗೇ ಇದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ 21 ಬಗೆಯ ಅಂಗವೈಕಲ್ಯಗಳಲ್ಲಿ ಹಿಮೋಫಿಲಿಯಾವನ್ನು ಸೇರಿಸಿದೆ. ಅದರ 25ನೇ ಕಲಂ, ಸರ್ಕಾರ ಗೊತ್ತುಪಡಿಸಿದ ಆದಾಯದ ಮಿತಿಗೆ ಒಳಪಟ್ಟು, ಅದರಲ್ಲೂ ಹಳ್ಳಿಗಾಡಿನಲ್ಲಿ, ವಾಸಸ್ಥಳದ ಹತ್ತಿರದಲ್ಲೇ ಉಚಿತ ಚಿಕಿತ್ಸೆ ಮತ್ತು ಚಿಕಿತ್ಸೆಯಲ್ಲಿ ಆದ್ಯತೆ ಕೊಡಬೇಕೆನ್ನುತ್ತದೆ. 'ಹತ್ತಿರದಲ್ಲೇ' ಎಂಬ ಮಾತಿಗೆ 90 ಕಿ.ಮೀ. ಎಂಬ ಅರ್ಥ ಯಾವ ನಿಘಂಟಿನಲ್ಲೂ ಇರಲಾರದು. ತೋಟದ ಲೈನ್ ಮನೆಗಳಲ್ಲಿರುವ, ಹೊರರಾಜ್ಯದಿಂದ ಬಂದ ಕಾರ್ಮಿಕರ ಮಕ್ಕಳಿಗೆ ಇಲ್ಲಿನ ವಿಳಾಸದ ಆಧಾರ್ ಇರುವುದಿಲ್ಲ, ಬಿಪಿಎಲ್ ಕಾರ್ಡ್ ಇರುವುದಿಲ್ಲ. ತುರ್ತು ಡೋಸ್ ಕೊಡುವಾಗ ಆ ಪ್ರಶ್ನೆಯೇ ಏಳಬಾರದು. ಹಾಗೆಯೇ ಜಿಲ್ಲೆಯ ಗಡಿ. ಕೊಪ್ಪದವರು ಶಿವಮೊಗ್ಗಕ್ಕೆ, ಮೂಡಿಗೆರೆಯವರು ಹಾಸನಕ್ಕೆ, ಸಕಲೇಶಪುರದವರು ಮೂಡಿಗೆರೆಗೆ ಹೋಗುವುದು ರಸ್ತೆ ಹೇಗಿದೆಯೋ ಹಾಗೆ. "ನೀವು ನಮ್ಮ ಜಿಲ್ಲೆಯವರಲ್ಲ" ಎಂದು ವಾಪಸ್ ಕಳಿಸದಂತೆ ಅಕ್ಕಪಕ್ಕದ ಜಿಲ್ಲೆಗಳ ಅಧಿಕಾರಿಗಳೊಡನೆ ನೀವೇ ಮಾತಾಡಿ ಒಪ್ಪಂದ ಮಾಡಿಕೊಳ್ಳಬೇಕು.

ಆದ್ದರಿಂದ ನಮ್ಮ ಬೇಡಿಕೆ ಇಷ್ಟು. ಪ್ರತಿ ತಾಲ್ಲೂಕು ಆಸ್ಪತ್ರೆಯ ಕ್ಯಾಶುವಾಲ್ಟಿಯಲ್ಲಿ ಫ್ಯಾಕ್ಟರ್ 8ರ 3,000 ಯೂನಿಟ್ ಸದಾ ಇರಬೇಕು, 500ರ ನಾಲ್ಕು ವಯಲ್ ಮತ್ತು 250ರ ನಾಲ್ಕು. ದೊಡ್ಡವರೊಬ್ಬರ ತಲೆ ಪೆಟ್ಟಿಗೆ ಮೊದಲ ಡೋಸ್ ಅಷ್ಟಾಗುತ್ತದೆ, ಸಣ್ಣ ಮಕ್ಕಳಿಗೂ ಹೊಂದುತ್ತದೆ. ಬಿ ಬಗೆಯ ರೋಗಿ ಇರುವ ತಾಲ್ಲೂಕಿನಲ್ಲಿ ಅವರ ತೂಕಕ್ಕೆ ತಕ್ಕ ಫ್ಯಾಕ್ಟರ್ 9. ಜಿಲ್ಲಾ ಆಸ್ಪತ್ರೆಯಲ್ಲಿ ದಿನಬಳಕೆಯದ್ದನ್ನು ಬಿಟ್ಟು 22,500 ಯೂನಿಟ್ ಮುಟ್ಟದ ಮೀಸಲು. ಅರ್ಧಕ್ಕಿಳಿದ ದಿನವೇ ಹೊಸ ಇಂಡೆಂಟ್. ರಾಜ್ಯದ ಉಗ್ರಾಣದಿಂದ ಬರುವುದು ತಡವಾದರೆ ಸ್ಥಳೀಯ ಖರೀದಿಗೆ ಮುಂಚಿತ ಅನುಮತಿ. ಈ ಔಷಧಿ ಪೇಟೆಯ ಮೆಡಿಕಲ್ ಶಾಪಿನಲ್ಲಿ ಕೇಳಿದ ಕೂಡಲೇ ಸಿಗುವಂಥದ್ದಲ್ಲ. ಔಷಧಿ ಇಲ್ಲದೆ ವಾಪಸ್ ಕಳಿಸಿದ ಪ್ರತಿಯೊಬ್ಬರನ್ನೂ ತೂಕ, ಬೇಕಾಗಿದ್ದ ಯೂನಿಟ್ ಸಮೇತ ಬರೆಯುವ ಒಂದು ರಿಜಿಸ್ಟರ್ ಇಡಿಸಿ, ಮುಂದಿನ ವರ್ಷದ ಇಂಡೆಂಟಿಗೆ ಅದನ್ನೂ ಕೂಡಿಸಿ. ಜಿಲ್ಲೆಯ ಎಲ್ಲ ರೋಗಿಗಳ ತೂಕ, ಬಗೆ, ಇನ್ಹಿಬಿಟರ್ ಸ್ಥಿತಿಯ ಪಟ್ಟಿಯನ್ನು ಗುಟ್ಟಾಗಿಟ್ಟು ಆರು ತಿಂಗಳಿಗೊಮ್ಮೆ ತಿದ್ದಿಸಿ. ಮಕ್ಕಳ ತೂಕ ಏರುತ್ತಿರುತ್ತದೆ, ಹಳೆಯ ಪಟ್ಟಿಯ ಡೋಸ್ ಕಡಿಮೆ ಬೀಳುತ್ತದೆ. ಪ್ರತಿ ತಾಲ್ಲೂಕಿನಿಂದ ಇಬ್ಬರು ಶುಶ್ರೂಷಾಧಿಕಾರಿಗಳಿಗೆ ಎರಡು ದಿನದ ತರಬೇತಿ ಕೊಡಿಸಿ. ದಾವಣಗೆರೆಯ ಕರ್ನಾಟಕ ಹಿಮೋಫಿಲಿಯಾ ಸೊಸೈಟಿಯ ಅನುಭವ ನಮ್ಮ ರಾಜ್ಯದಲ್ಲೇ ಇದೆ, ದೂರ ಹುಡುಕಬೇಕಾಗಿಲ್ಲ. ತರಬೇತಿ ಪಡೆದವರನ್ನು ಮರುತಿಂಗಳೇ ವರ್ಗ ಮಾಡಬೇಡಿ ಎಂಬುದೂ ಬೇಡಿಕೆಯೇ.

ಕ್ಯಾಶುವಾಲ್ಟಿಯ ಗೋಡೆಗೆ ಒಂದು ಹಾಳೆ ಅಂಟಿಸಲು ಯಾವ ಅನುದಾನವೂ ಬೇಕಾಗಿಲ್ಲ. ಅದರಲ್ಲಿ ತೂಕದ ಎದುರಿಗೆ ಯೂನಿಟ್, ಚುಚ್ಚಬಾರದ ಇಂಜೆಕ್ಷನ್‌ಗಳ ಹೆಸರು, ಫ್ರಿಜ್ ಕೀಲಿಕೈ ಯಾರ ಬಳಿ, ರಾತ್ರಿ ಯಾವ ವೈದ್ಯರಿಗೆ ಫೋನ್ ಮಾಡಬೇಕು, ಮೇಲ್ಗಡೆ ದಪ್ಪಕ್ಷರದಲ್ಲಿ 'ಮೊದಲು ಫ್ಯಾಕ್ಟರ್' ಎಂದಿದ್ದರೆ ಸಾಕು. ಹಾಳೆಯ ಕರಡನ್ನು ನಾವು ತಯಾರಿಸಿ ಇಟ್ಟಿದ್ದೇವೆ, ನಿಮ್ಮ ತಜ್ಞರು ತಿದ್ದಿ ಸಹಿ ಹಾಕಬೇಕು. ಜೂನ್ ಹಿಡಿಯುವ ಮುನ್ನ ಇದಾಗಬೇಕು, ಮಳೆ ಕೂತ ಮೇಲೆ ವಯಲ್ ಸಾಗಿಸುವ ವಾಹನಕ್ಕೂ ಅದೇ ರಸ್ತೆ.

ಈ ಬಗ್ಗೆ ಮಾತಾಡಲು ನಿಮ್ಮ ಕಚೇರಿಯಲ್ಲಿ ಒಂದು ಗಂಟೆ ಸಮಯ ಕೊಡಬೇಕು, ಆ ಸಭೆಗೆ ತಾಲ್ಲೂಕು ಆಸ್ಪತ್ರೆಗಳ ಫಾರ್ಮಸಿ ಅಧಿಕಾರಿಗಳನ್ನೂ ಕರೆಸಬೇಕೆಂದು ಕೋರುತ್ತೇವೆ.

ಇಂತಿ ನಮಸ್ಕಾರಗಳೊಂದಿಗೆ,
ಹಿಮೋಫಿಲಿಯಾ ಮಕ್ಕಳ ಪೋಷಕರು ಮತ್ತು ಆರೈಕೆದಾರರು
ಚಿಕ್ಕಮಗಳೂರು ಮತ್ತು ಹಾಸನ ಜಿಲ್ಲೆಗಳು